ಟಿಟ್ವಾಳಾದ ಟ್ಯೂಷನ್

ಡಾಕ್ಟರ್ ಕೌಶಲ್‌ನ ಹೊಟ್ಟೆಗೆ ಆ ಮಂಗಳವಾರ ಬೆಂಕಿ ಬಿದ್ದದ್ದು ಪಕ್ಕದ ಮನೆಯ ವೇದಾವತಿ ಕರಿಬೇವು ಕೇಳಲು ಬಂದಾಗ.

"ಉಮಕ್ಕ, ನಿಮ್ಮ ಮಗ ಮನೆಯಲ್ಲೇ ಉಂಟಾ? ಎದುರು ವಿಂಗಿನ ವಿಶ್ರುತ ಈಗಷ್ಟೇ ಬ್ಯಾಗು ಹೆಗಲಿಗೆ ಹಾಕಿ ಟಿಟ್ವಾಳಾಕ್ಕೆ ಹೊರಟ್ಲು ಮಾರಾಯ್ರೆ. ಪ್ರತಿ ಮಂಗಳವಾರ ಹೋಗ್ತಾಳೆ. ಪರೀಕ್ಷೆ ತಲೆ ಮೇಲೆ ಬಂದ್ರೂ ತಪ್ಪಿಸ್ಲಿಕ್ಕಿಲ್ಲ!"

ಒಳಗೆ ಪ್ರಸೂತಿಶಾಸ್ತ್ರದ ದಪ್ಪ ಪುಸ್ತಕದ ಮೇಲೆ ಗಲ್ಲವಿಟ್ಟು ತೂಕಡಿಸುತ್ತಿದ್ದ ಕೌಶಲ್ ಧಡಕ್ಕನೆ ಎದ್ದು ಕೂತ.

ಅವನ ಗೋಳು ಸಣ್ಣದಲ್ಲ. ಮುಂಬಯಿ ಹೊರವಲಯದ ಡೊಂಬಿವಲಿಯ ಒಂದೇ ಬಿಲ್ಡಿಂಗು, ಠಾಣೆಯ ಒಂದೇ ಕಾಲೇಜು, ಹೆರಿಗೆ ವಿಭಾಗದಲ್ಲಿ ಒಂದೇ ಸಾಲಿನ ಪಿ.ಜಿ. ಸೀಟು. ಮೊದಲ ಟೆಸ್ಟಿನಿಂದ ಇಂದಿನವರೆಗೆ ವಿಶ್ರುತ ಫಸ್ಟು, ಇವನು ಸೆಕೆಂಡು. ಬರುವ ವಾರ ಕೊನೆಯ ಪರೀಕ್ಷೆ. ಫಸ್ಟು ಬಂದವರನ್ನು ಕಾಲೇಜು ಅಲ್ಲೇ ಲೆಕ್ಚರರ್ ಮಾಡಿಕೊಳ್ಳುತ್ತದೆ, ಉಳಿದವರು ಕೆಲಸ ಹುಡುಕಿಕೊಂಡು ಊರೂರು ತಿರುಗಬೇಕು. ಸಾಲದ್ದಕ್ಕೆ ತಾಯಿ ಉಮಾವತಿ ದಿನವೂ ಕಾಫಿಯ ಜೊತೆ ಒಂದು ಮಾತು ಬಡಿಸುತ್ತಿದ್ದರು: "ವಿಶ್ರುತನ್ನ ನೋಡಿ ಕಲಿ."

ಟಿಟ್ವಾಳಾ ಎಂದ ಕೂಡಲೇ ಕೌಶಲ್‌ಗೆ ಹೊಳೆದದ್ದು ಹರಿಶ್ಚಂದ್ರ ಸರ್. ವೈವಾ ಪರೀಕ್ಷೆಯಲ್ಲಿ ಎಂಥೆಂಥ ಗಟ್ಟಿಗರನ್ನೂ ಅಳಿಸಿ ಕಳಿಸುತ್ತಿದ್ದ ಆ ಹಳೇ ಪರೀಕ್ಷಕರು ನಿವೃತ್ತರಾದ ಮೇಲೆ ಫ್ಲ್ಯಾಟು ಕೊಂಡದ್ದು ಅಲ್ಲೇ.

"ಕಳ್ಳಿ! ಗುಟ್ಟಾಗಿ ಟ್ಯೂಷನ್ನು!" ಎಂದು ಹಲ್ಲು ಕಡಿದ. ಫೋನು ಮಾಡಿ ಕೇಳಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಹೊಟ್ಟೆಕಿಚ್ಚಿನವನಿಗೆ ಬುದ್ಧಿ ಹೇಳುವವರು ಯಾರು? ಗುರುತು ಸಿಗದಿರಲೆಂದು ಆಪರೇಷನ್ ಥಿಯೇಟರಿನ ಹಸಿರು ಮಾಸ್ಕು ಕಟ್ಟಿಕೊಂಡು, ಎದ್ದೆನೋ ಬಿದ್ದೆನೋ ಎಂದು ಸ್ಟೇಷನ್ನಿಗೆ ಓಡಿದ.

ವಿಶ್ರುತ ಲೋಕಲ್ ಟ್ರೈನಿನ ಲೇಡೀಸ್ ಡಬ್ಬಿ ಹತ್ತಿದಳು. ಕೌಶಲ್ ಅದಕ್ಕೆ ತಾಗಿದ ಡಬ್ಬಿ ಹತ್ತಿ, ನಡುವಿನ ಜಾಲರಿಗೆ ಕಣ್ಣಿಟ್ಟು ನಿಂತ. ಯಾರೋ ಹೆಗಲು ತಟ್ಟಿದರು. ತಿರುಗಿದರೆ, ಬಿಲ್ಡಿಂಗಿನ ಸೆಕ್ರೆಟರಿ ಪೂವಪ್ಪ! ಹೋಟೆಲು ಮಗನಿಗೆ ಬಿಟ್ಟುಕೊಟ್ಟ ಮೇಲೆ ಊರಿನವರ ಸುದ್ದಿಯೇ ಅವರ ಉದ್ಯೋಗ.

"ಎಂತ ಡಾಕ್ಟ್ರೇ, ಮಾಸ್ಕು ಗೀಸ್ಕು? ಎಲ್ಲಿಗೆ ಸವಾರಿ?"

"ಟಿ... ಟಿಟ್ವಾಳಾ. ಗಣಪತಿ ದರ್ಶನಕ್ಕೆ, ಪೂವಪ್ಪ ಮಾಮ."

"ಓಹೋ! ಮದುವೆ ಆಗದವರು ಮಂಗಳವಾರ ಟಿಟ್ವಾಳಾಕ್ಕೆ ಎಂತಕ್ಕೆ ಹೋಗ್ತಾರೆ ಅಂತ ನಮಗೆ ಗೊತ್ತಿಲ್ಲವಾ? ಮದುವೆ ಕೂಡಿಸಿ ಕೊಡುವುದ್ರಲ್ಲಿ ಆ ಗಣಪತಿಯದ್ದು ಎತ್ತಿದ ಕೈ. ಹುಡುಗಿ ಯಾರು ಮಾರಾಯ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕೌಶಲ್‌ನ ಕಣ್ಣು ಜಾಲರಿಯತ್ತ ಹೊರಳಿತು. ಪೂವಪ್ಪನವರ ಕಣ್ಣೂ ಹಿಂದೆಯೇ ಹೊರಳಿತು. "ಅಡ್ಡಿ ಇಲ್ಲ, ಅಡ್ಡಿ ಇಲ್ಲ" ಎಂದು ಅವರು ಮೀಸೆಯಲ್ಲೇ ನಕ್ಕರು.

ಟಿಟ್ವಾಳಾದಲ್ಲಿ ಇಳಿದ ವಿಶ್ರುತ ಶೇರ್ ರಿಕ್ಷಾ ಹತ್ತಿ ನೇರ ದೇವಸ್ಥಾನದ ಸಾಲಿನಲ್ಲಿ ಹೋಗಿ ನಿಂತಳು. ದರ್ಶನ ಮುಗಿಸಿ ಟ್ಯೂಷನ್ನಿಗೆ ಹೋಗುತ್ತಾಳೆಂದು ಕೌಶಲ್ ಅವಳ ಹಿಂದೆಯೇ ನುಸುಳಿದ. ಸಾಲು ಆಮೆಯಂತೆ ತೆವಳುತ್ತಿತ್ತು. ಅವಳು ಬ್ಯಾಗಿನಿಂದ ಪ್ಲಾಸ್ಟಿಕ್ಕಿನ ಸೊಂಟದ ಮೂಳೆಯನ್ನೂ ಬಟ್ಟೆಯ ಮಗುಗೊಂಬೆಯನ್ನೂ ತೆಗೆದು, ಹೆರಿಗೆ ಹೇಗಾಗುತ್ತದೆಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತ ಗೊಂಬೆಯನ್ನು ತಿರುಗಿಸಿ ಇಳಿಸತೊಡಗಿದಳು. ಹಿಂದಿದ್ದ ಮರಾಠಿ ಅಜ್ಜಿಯೊಬ್ಬಳು ಇದು ಮಗುವಿಗಾಗಿ ಹೊತ್ತ ಹರಕೆಯೆಂದು ತಿಳಿದು ಭಕ್ತಿಯಿಂದ ಕೈಮುಗಿದಳು.

ವಿಶ್ರುತ ತಿರುಗಿ ನೋಡಿದಳು. "ಕೌಶಲ್! ನೀನಿಲ್ಲಿ?"

"ಗೊತ್ತಾಯ್ತಾ?"

"ಮಾಸ್ಕ್ ಹಾಕಿದ್ರೆ ಗೊತ್ತಾಗದೆ ಇರ್ತದಾ? ಮೂರು ವರ್ಷ ಓಟಿಯಲ್ಲಿ ನಿನ್ನ ಮುಖ ಮಾಸ್ಕಲ್ಲೇ ನೋಡಿದ್ದು!"

ಕೌಶಲ್ ಮಾಸ್ಕು ಕಿತ್ತು ಜೇಬಿಗಿಟ್ಟ. "ಹರಿಶ್ಚಂದ್ರ ಸರ್ ಮನೆ..."

"ಅವರು ಫ್ಲ್ಯಾಟ್ ಮಾರಿ ಪುಣೆಗೆ ಮಗಳ ಹತ್ರ ಹೋಗಿ ವರ್ಷ ಆಯ್ತಲ್ಲ. ನಾನು ಬರೋದು ಅಮ್ಮನ ಹರಕೆಗೆ. ಮನೆಯಲ್ಲಿ ಕೂತ್ರೆ ಹುಡುಗರ ಫೋಟೋ ತೋರಿಸಿ ತಲೆ ತಿಂತಾಳೆ. ಇಲ್ಲಾದ್ರೆ ಸಾಲು ಮುಂದೆ ಹೋಗೋವರೆಗೆ ಆರಾಮಾಗಿ ಬಾಯಿಬಿಟ್ಟು ಹೇಳ್ತಾ, ಕೈಯಲ್ಲಿ ಮಾಡ್ತಾ ರಿವಿಷನ್ ಮಾಡ್ಬಹುದು. ವೈವಾದಲ್ಲಿ ನಾಲಿಗೆ ತಡವರಿಸಲ್ಲ. ಅದು ಬಿಡು, ನೀನು ಯಾಕೆ ಬಂದೆ?"

'ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ' ಎಂದು ಹೇಳುವುದು ಹೇಗೆ? "ಹೀಗೇ..." ಎಂದ. ವಿಶ್ರುತ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ತುಸು ನಕ್ಕಳು. "ಸರಿ ಬಾ, ನೀನೇ ಎಕ್ಸಾಮಿನರ್. ಕೇಳು."

ಕೌಶಲ್ ತನಗೇ ಬಾರದ ಪ್ರಶ್ನೆಗಳನ್ನೆಲ್ಲ ಹುಡುಕಿ ಹುಡುಕಿ ಕೇಳಿದ. ಅವಳು ನೀರು ಕುಡಿದಷ್ಟು ಸುಲಭವಾಗಿ ಹೇಳಿದಳು. ಅವನ ಹೊಟ್ಟೆ ಇನ್ನಷ್ಟು ಉರಿಯಿತು. ಸರದಿ ಬದಲಾಯಿತು.

"ಮಗು ತಲೆ ಬದಲು ಕಾಲು ಮುಂದೆ ಮಾಡಿ ಬಂದಿದೆ. ಏನು ಮಾಡ್ತೀ?"

ಉರಿಯುವ ಹೊಟ್ಟೆಯವನು ಮಾಡುವುದನ್ನೇ ಅವನು ಮಾಡಿದ. ಹಿಡಿದು ಎಳೆದ. ಗೊಂಬೆಯ ಕಾಲು ಕೈಗೆ ಬಂತು. ಹಿಂದಿನ ಅಜ್ಜಿ "ಅರೇ ದೇವಾ!" ಎಂದು ಎದೆ ಹಿಡಿದುಕೊಂಡಳು.

"ಎಳೀಬಾರದು ಅನ್ನೋದೇ ಅಲ್ಲಿ ಮೊದಲನೇ ಪಾಠ ಕಣೋ!" ಎಂದು ವಿಶ್ರುತ ಬಿದ್ದು ಬಿದ್ದು ನಕ್ಕಳು. ಕೌಶಲ್ ಗಾಬರಿಯಿಂದ ಗೊಂಬೆಯನ್ನು ಎದೆಗವಚಿಕೊಂಡ.

"ಇಲ್ಲಿ ನೋಡಿ ಒಮ್ಮೆ!" ಟ್ರೈನಿನಿಂದಲೇ ಬೆನ್ನು ಹತ್ತಿ ಬಂದಿದ್ದ ಪೂವಪ್ಪನವರ ಮೊಬೈಲು ಕ್ಲಿಕ್ ಎಂದಿತು.

ಪ್ರಸಾದ ಕೈಗೆ ಬರುವ ಮೊದಲೇ ಫೋಟೋ ಬಿಲ್ಡಿಂಗಿನ ಗ್ರೂಪಿಗೆ ಹೋಗಿತ್ತು. ವಾಪಸು ಬರುವಾಗ ಟ್ರೈನು ಕಲ್ಯಾಣ ದಾಟುವುದರೊಳಗೆ ನವಿ ಮುಂಬಯಿಯ ಸೋದರತ್ತೆಯ ಫೋನು: "ನಮಗೆ ಒಂದು ಮಾತು ಹೇಳ್ಲಿಲ್ಲ ಅಲ್ವಾ? ಇರ್ಲಿ, ಜೋಡಿ ಚಂದ ಉಂಟು."

ಮನೆಯಲ್ಲಿ ಎರಡೂ ಕಡೆಯವರು ಸೋಫಾ ತುಂಬ ಕೂತಿದ್ದರು. ಕೌಶಲ್‌ನ ತಂದೆ ವಸಂತಕುಮಾರರು ಪೇಢೆಯ ಡಬ್ಬಿ ಬಿಚ್ಚಿದ್ದರು. ವೇದಾವತಿ ಕರಿಬೇವು ಮರೆತು ಬಾಗಿಲಲ್ಲೇ ನಿಂತಿದ್ದರು.

"ಅಯ್ಯೋ, ನೀವು ತಿಳ್ಕೊಂಡ ಹಾಗಲ್ಲ!" ಎಂದು ಕೌಶಲ್ ಕೂಗಿದ.

"ಹಾಗಲ್ಲ ಅಂದ್ರೆ, ಓದು ಬಿಟ್ಟು ಅವಳ ಹಿಂದೆ ಟಿಟ್ವಾಳಾದವರೆಗೆ ಎಂತಕ್ಕೆ ಹೋದದ್ದು?" ಎಂದರು ತಂದೆ.

ಎಲ್ಲರೂ ಅವನ ಬಾಯಿಯನ್ನೇ ನೋಡಿದರು. ಸತ್ಯ ನಾಲಿಗೆಯ ತುದಿಗೆ ಬಂತು. ಅವಳ ಅಪ್ಪ ಅಮ್ಮನ ಎದುರು 'ನಿಮ್ಮ ಮಗಳು ಫಸ್ಟು ಬರುವುದು ನನ್ನಿಂದ ಸಹಿಸಲಾಗದೆ ಪತ್ತೇದಾರಿಗೆ ಹೋಗಿದ್ದೆ' ಎನ್ನುವುದಕ್ಕಿಂತ ಪೇಢೆ ನುಂಗುವುದೇ ವಾಸಿಯೆನಿಸಿತು. ನುಂಗಿದ. ಅವಳಾದರೂ ಬೇಡವೆನ್ನಲಿ ಎಂದು ಆಸೆಯಿಂದ ವಿಶ್ರುತಳತ್ತ ನೋಡಿದ.

"ನಂದೇನೂ ಅಭ್ಯಂತರ ಇಲ್ಲ" ಎಂದಳು ಅವಳು, ಕಿವಿ ಕೆಂಪಾದರೂ ದನಿ ಅಲುಗದೆ. "ಆದ್ರೆ ಪರೀಕ್ಷೆ ಮುಗಿಯೋವರೆಗೆ ನನ್ನನ್ನ ಯಾವುದಕ್ಕೂ ಕರೀಬೇಡಿ, ಓದ್ಬೇಕು. ನಿಶ್ಚಿತಾರ್ಥಕ್ಕೆ ಹಾಲ್ ನೋಡೋದು, ನೆಂಟರ ಮನೆಗೆ ಹೋಗಿ ಹೇಳೋದು, ಎಲ್ಲ ಕೌಶಲ್ ಮಾಡ್ತಾನೆ." ಹಾಗೆಂದು ಕಾಲಿಲ್ಲದ ಗೊಂಬೆಯನ್ನು ಎತ್ತಿಕೊಂಡು ಓದಲು ಹೊರಟುಹೋದಳು.

"ನಾಳೆ ಘೋಡಬಂದರ್ ರೋಡಿನ ಹಾಲ್‌ಗಳಿಂದ ಶುರು ಮಾಡುವ" ಎಂದರು ವಸಂತಕುಮಾರರು.

"ಅಮ್ಮಾ, ಪರೀಕ್ಷೆ ನನಗೂ ಉಂಟು!" ಕೌಶಲ್‌ಗೆ ಅಳುವೊಂದೇ ಬಾಕಿ.

ಉಮಾವತಿ ಮಗನ ಬಾಯಿಗೆ ಇನ್ನೊಂದು ಪೇಢೆ ತುರುಕಿ ಪ್ರೀತಿಯಿಂದ ತಲೆ ಸವರಿದರು. "ನೀನು ಟೆನ್ಷನ್ ಮಾಡ್ಬೇಡ ಮಗಾ. ಇನ್ನು ನೀನು ಸೆಕೆಂಡ್ ಬಂದ್ರೂ ಅಡ್ಡಿ ಇಲ್ಲ, ಫಸ್ಟು ಹೇಗೂ ನಮ್ಮ ಮನೆಗೇ ಬರ್ತದಲ್ಲ!"