ರಜಾಯಿ ಹೊದ್ದು ಮಲಗಿದ ಬೇಳೆ

ಏನೂ ಗೊತ್ತಿಲ್ಲದವನಿಗಿಂತ ಹೊಸದಾಗಿ ಒಂದು ವಿಷಯ ಗೊತ್ತಾದವನು ಮನೆಗೆ ಹೆಚ್ಚು ಅಪಾಯಕಾರಿ. ಆಂಧ್ರದ ಆದವಾನಿಯ ಮಾರ್ಕೆಟ್ಟಿನಲ್ಲಿ ಹತ್ತಿ ವ್ಯಾಪಾರ ಮಾಡುತ್ತಲೇ ನನ್ನ ತಲೆ ನೆರೆತಿದೆ. ಆದರೂ ಹತ್ತಿಯೊಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ, ಅದು ಬಿಸಿಯನ್ನು ಬೇಗ ಹೊರಗೆ ಬಿಡುವುದಿಲ್ಲ ಎಂಬುದನ್ನು ಎಂಟನೇ ಕ್ಲಾಸಿನ ಮಗಳು ಗಿರಿಜಾ ತನ್ನ ತೆಲುಗು ಮಾಧ್ಯಮದ ವಿಜ್ಞಾನ ಪಾಠ ಓದಿ ಹೇಳಬೇಕಾಯಿತು. ಹತ್ತಿ ತುಂಬಿದ ರಜಾಯಿ ಬಿಸಿ ಕೊಡಂಗಿಲ್ಲಪ್ಪ, ಇದ್ದ ಬಿಸಿ ಹಿಡದಿಡತೈತಿ ಅಂದಳು. ಅಂದಿನಿಂದ ನನಗೆ ವಿಜ್ಞಾನಿಯ ಗತ್ತು ಬಂದುಬಿಟ್ಟಿತು.

ಆ ಭಾನುವಾರ ಗೋನೆಗಂಡ್ಲದಿಂದ ಅಕ್ಕ ಊಟಕ್ಕೆ ಬರುವವಳಿದ್ದಳು. ನಮ್ಮ ಗೃಹಪ್ರವೇಶಕ್ಕೆ ಅವಳ ಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯದೆ ವಾಟ್ಸಾಪಿನಲ್ಲಿ ಕಾರ್ಡು ಕಳಿಸಿದ್ದೆ. ಒಡಹುಟ್ಟಿದವಳು ಸುಮ್ಮನಿರುತ್ತಾಳೆಯೇ? ಎರಡು ವರ್ಷ ಮಾತಿಲ್ಲ, ಕತೆಯಿಲ್ಲ. ಭಾವನವರು ಹೇಳಿ ಹೇಳಿ ಈಗ ಒಪ್ಪಿಸಿದ್ದರು. ಈ ಊಟ ಕೆಟ್ಟರೆ ಆಕೆ ಮತ್ತೆ ತವರಿನ ಹೊಸಿಲು ತುಳಿಯುವುದಿಲ್ಲ ಎಂದು ನನಗೆ ನಿಜಕ್ಕೂ ಹೆದರಿಕೆಯಿತ್ತು.

ರೊಟ್ಟಿ, ಪಲ್ಯ ಆಗಿ, ಬೇಳೆ ಒಂದು ಕುದಿ ಬರುವಷ್ಟರಲ್ಲಿ ಗ್ಯಾಸು ಮುಗಿಯಿತು. ಪಕ್ಕದ ಮನೆಯಲ್ಲಿ ಬೇಯಿಸಿ ತರುತ್ತೇನೆಂದು ಹೆಂಡತಿ ಹೊರಟಳು. ನಾನು ತಡೆದೆ. ಪಾತ್ರೆಗೆ ಮುಚ್ಚಳ ಬಿಗಿದು, ರಜಾಯಿ ಸುತ್ತಿ, ಕೂಸಿನಂತೆ ಮಂಚದ ಮೇಲೆ ಕೂರಿಸಿ, ಊಟದ ಹೊತ್ತಿಗೆ ಬೆಣ್ಣೆಯಾಗಿರುತ್ತದೆ ನೋಡು ಎಂದು ಭರವಸೆ ಕೊಟ್ಟೆ. ಆಕೆ ಹಣೆ ಚಚ್ಚಿಕೊಂಡಳು.

ವಿಜ್ಞಾನದಲ್ಲಿ ತಪ್ಪಿರಲಿಲ್ಲ, ತಪ್ಪಿದ್ದದ್ದು ನನ್ನ ಕೈಯಲ್ಲಿ. ಹತ್ತಿ ತುಂಬಿದ ಅಂಡಿಗೆ ಚೀಲದೊಳಗೆ ಕೈ ತೂರಿಸಿ ಒಂದು ಹಿಡಿ ಕಿತ್ತು ನೋಡದೆ ನಾವು ವ್ಯಾಪಾರಿಗಳು ದೇವರ ಮಾತನ್ನೂ ನಂಬುವವರಲ್ಲ. ಹೆಂಡತಿ ಸ್ನಾನಕ್ಕೆ ಹೋದಾಗ ರಜಾಯಿ ಸರಿಸಿ, ಮುಚ್ಚಳ ತೆಗೆದು, ಎರಡು ಕಾಳು ಹಿಚುಕಿದೆ. ಇನ್ನೂ ಗಟ್ಟಿ. ಅಕ್ಕನ ಬಸ್ಸು ಎಮ್ಮಿಗನೂರು ದಾಟಿತೆಂದು ಭಾವನವರು ಫೋನು ಮಾಡಿದಾಗ ಮತ್ತೆ ಹಿಚುಕಿದೆ. ಆಮೇಲಂತೂ ಗಾಬರಿಗೆ ಕೈ ನಿಲ್ಲಲೇ ಇಲ್ಲ. ತೆಗೆದಾಗಲೆಲ್ಲ ಹಬೆ ಭುಸ್ಸನೆ ಕನ್ನಡಕಕ್ಕೆ ಬಡಿಯುತ್ತಿತ್ತು. ಬಿಸಿ ಹಾಗೇ ಇದೆಯಲ್ಲ ಎಂದು ಖುಷಿಪಟ್ಟೆ, ನನ್ನ ಬುದ್ಧಿಗಿಷ್ಟು!

ಅಕ್ಕ ಬಂದು ಬಿಗಿದ ಮುಖದಲ್ಲೇ ಊಟಕ್ಕೆ ಕೂತಳು. ರೊಟ್ಟಿಗೆ ಬೇಳೆ ಹಚ್ಚಿ ಬಾಯಿಗಿಟ್ಟರೆ ಕಟುಂ ಎಂದಿತು. ಎಲ್ಲ ನೋಡಿದ್ದ ಗಿರಿಜಾ ನಗು ತಡೆಯಲಾರದೆ ನನ್ನ ತನಿಖೆಗಳನ್ನೆಲ್ಲ ಅತ್ತೆಗೆ ಒಪ್ಪಿಸಿಬಿಟ್ಟಳು.

ಅಕ್ಕ ತುತ್ತು ನುಂಗಿ ನನ್ನನ್ನು ನೋಡಿದಳು. "ಬ್ಯಾಳಿ ಬೆಂದಾವೋ ಇಲ್ಲೋ ಅಂತ ಇಷ್ಟು ಸಲ ಇಣಿಕಿ ನೋಡೀಯಲ್ಲೋ ತಮ್ಮಾ. ಎರಡು ವರ್ಷದಾಗ ಅಕ್ಕ ಹೆಂಗದಾಳ ಅಂತ ಒಂದ ಸಲ ಬಂದು ನೋಡಿದ್ದರ ಏನಾಗ್ತಿತ್ತು?"

ನೀರು ಕುಡಿಯುವ ನೆಪ ಮಾಡಿದೆ. ಅಷ್ಟರಲ್ಲಿ ಆಕೆ ತಟ್ಟೆ ಮುಂದೆ ತಳ್ಳಿ ಇನ್ನೊಂದು ಸೌಟು ಹಾಕಿಸಿಕೊಂಡು, ಇವನ್ನ ಅಗದು ಮುಗಿಸೋದರಾಗ ಸಂಜಿ ಬಸ್ಸು ಹೋಗತೈತಿ, ಇವತ್ತು ಇಲ್ಲೇ ಇರತೀನಿ ಅಂದಳು. ಅಪ್ಪಿತಪ್ಪಿ ನನ್ನ ವಿಜ್ಞಾನ ಫಲಿಸಿ ಬೇಳೆ ಬೆಂದುಬಿಟ್ಟಿದ್ದರೆ, ಅಕ್ಕ ಮರ್ಯಾದೆಗೆ ಉಂಡು, ಕೈ ತೊಳೆದು, ಹೊರಟೇ ಹೋಗುತ್ತಿದ್ದಳು.