ದೂರದೃಷ್ಟಿ ಒಳಗೆ ನುಗ್ಗಿದ ದಿನ

ಕೋಚ್ ಆ ಅಂಕಿಅಂಶದ ಹಾಳೆಯೊಂದನ್ನು ಬೆಳಗ್ಗೆ ಗೋಡೆಗೆ ಅಂಟಿಸದೇ ಇದ್ದಿದ್ದರೆ ದೂರದೃಷ್ಟಿಯ ದಿನ ಸುಖವಾಗಿ ಕಳೆಯುತ್ತಿತ್ತು. ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಮೂರು ಅಂಕದ ಗೆರೆಯಾಚೆ ನಿಂತು ಬುಟ್ಟಿಗೆ ಚೆಂಡು ಎಸೆಯುವುದೇ ಅವನ ಕಸುಬು. ಅದಕ್ಕೇ ತಂಡದವರು ಇಟ್ಟ ಹೆಸರು ಅದು. ಕಳೆದ ಏಳು ಪಂದ್ಯಗಳಲ್ಲಿ ಅವನು ಬುಟ್ಟಿಯತ್ತ ನುಗ್ಗಿದ್ದು ಎರಡೇ ಸಲ ಎಂದು ಹಾಳೆ ಡಂಗುರ ಸಾರುತ್ತಿತ್ತು.

“ಎರಡಲ್ಲ, ಒಂದು,” ಎಂದರು ಕೋಚ್. “ಇನ್ನೊಂದು ಸಲ ಕಾಲು ಜಾರಿ ಹೋಗಿದ್ದು. ನೀನು ಒಳಗೆ ಬರಲ್ಲ ಅಂತ ಊರಿಗೆಲ್ಲ ಗೊತ್ತು. ಅದಕ್ಕೇ ಎದುರಾಳಿಗಳು ಎಸೆಯೋಕೆ ಬಿಡದೆ ಮೂಗಿಗೆ ಮೂಗು ತಾಗಿಸ್ಕೊಂಡು ನಿಲ್ತಾರೆ. ಇವತ್ತು ಸಂಜೆ ಕೊನೇ ಪಂದ್ಯದಲ್ಲಿ ಐದು ಸಲ ನುಗ್ಗು. ಇಲ್ಲಾಂದ್ರೆ ಮುಂದಿನ ಸೀಸನ್ ಪೂರ್ತಿ ಆಡದೆ ಕೂತು ಬೆಂಚು ಬಿಸಿ ಮಾಡು.”

ನುಗ್ಗುವುದೇನು ಮಹಾ! ಆದರೆ ಇಂದಿನ ಎದುರಾಳಿಗಳ ಬುಟ್ಟಿಯ ಕೆಳಗೆ ‘ಬೀರು’ ನಿಂತಿರುತ್ತಾನೆ. ಹೆಸರಿಗೆ ತಕ್ಕ ಅಗಲ. ಕೈ ಚಾಚಿದನೆಂದರೆ ಎರಡೂ ಬಾಗಿಲು ತೆರೆದಂತೆ. ಹೋದ ವರ್ಷ ಅವನಿಗೆ ಡಿಕ್ಕಿ ಹೊಡೆದವನು ಆಟ ಬಿಟ್ಟು ಹೂವಿನಂಗಡಿ ಇಟ್ಟುಕೊಂಡಿದ್ದಾನೆ.

ಮಧ್ಯಾಹ್ನ ಮನೆಯಲ್ಲಿ ಬಾಯಿ ಬಿಟ್ಟದ್ದೇ ತಪ್ಪಾಯಿತು.

“ಅಳಿಯಂದ್ರೇ, ನೀವು ಮೊದಲಿಂದ್ಲೂ ಹಾಗೇ,” ಎಂದರು ಅತ್ತೆ. “ಹೆಣ್ಣು ಕೇಳೋಕೆ ಬಂದಾಗ ಅರ್ಧ ಗಂಟೆ ಗೇಟಾಚೆ ನಿಂತಿದ್ರಿ.”

“ನಾಯಿ ಇತ್ತಲ್ಲ ಅತ್ತೆ...”

“ಅದಕ್ಕೆ ಹಲ್ಲೇ ಇರ್ಲಿಲ್ಲ!”

ಅತ್ತೆ ಅವನ ಕೈಗೆ ಚೆಂಡಿನ ಬದಲು ದಿಂಬು ಕೊಟ್ಟು, ಮಲಗುವ ಕೋಣೆಯ ನಿಜವಾದ ಬೀರುವಿನ ಮುಂದೆ ನಿಲ್ಲಿಸಿ, “ಹ್ಞೂಂ, ನುಗ್ಗಿ!” ಎಂದರು. ನುಗ್ಗಿದ. ಬೀರುವಿನ ಹಿಡಿಗೆ ಮೊಣಕೈ ತಗುಲಿ ಹಾಡುಹಗಲೇ ನಕ್ಷತ್ರ ಕಂಡಿತು.

ಸಂಜೆ ತಂಡದ ಬಸ್ಸಿನ ಡ್ರೈವರ್ ಧೈರ್ಯ ತುಂಬಿದ: “ಸುಲಭ ಅಣ್ಣಾ. ಬಲಕ್ಕೆ ಇಂಡಿಕೇಟರ್ ಹಾಕಿ, ಎಡಕ್ಕೆ ತಿರುಗಿ. ನಾನು ದಿನಾ ಮಾಡೋದೇ ಅದು.”

ಬಸ್ಸಿನ ಮೈಯೆಲ್ಲ ಏಕೆ ಗೀರೆಂದು ದೂರದೃಷ್ಟಿಗೆ ಅಂದು ಅರ್ಥವಾಯಿತು.

ಆಟ ಶುರುವಾಯಿತು. ಮೊದಲ ಸಲ ನುಗ್ಗಿದಾಗ ಬೀರು ಅಲುಗಲಿಲ್ಲ. ಚೆಂಡು ಒಂದು ಕಡೆ, ಇವನೊಂದು ಕಡೆ. ಕಣ್ಣು ಬಿಟ್ಟಾಗ, ಆಟ ನೋಡಲು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ಅತ್ತೆಯ ಮಡಿಲಲ್ಲಿದ್ದ.

“ಇಷ್ಟೊಂದು ಒಳಗೆ ಬರೋದು ಬೇಡ ಅಳಿಯಂದ್ರೇ!”

ಆಗ ಗ್ಯಾಲರಿಯಿಂದ ಡ್ರೈವರ್ ಕಿರುಚಿದ: “ಅಣ್ಣಾ, ಇಂಡಿಕೇಟರ್!”

ಮುಂದಿನ ಸಲ ದೂರದೃಷ್ಟಿ ಎಸೆಯುವವನಂತೆ ಚೆಂಡೆತ್ತಿ ತೋರಿಸಿದ. ನಂಬಿದ ಬೀರು ಓಡಿಬಂದು ಹಾರಿದ. ಅವನು ನೆಲಕ್ಕಿಳಿಯುವಷ್ಟರಲ್ಲಿ ಇವನು ಪಕ್ಕದಲ್ಲೇ ನುಸುಳಿ ಬುಟ್ಟಿಗೆ ಹಾಕಿಯಾಗಿತ್ತು. ಎರಡು, ಮೂರು, ನಾಲ್ಕು, ಐದು! ಕೊನೆಯ ಐದು ಸೆಕೆಂಡು, ಎರಡು ಅಂಕ ಹಿಂದೆ. ಮತ್ತೆ ನುಗ್ಗುತ್ತಾನೆಂದು ಎದುರಾಳಿಗಳೆಲ್ಲ ಹಿಂದೆ ಸರಿದು ಬುಟ್ಟಿಯ ಕೆಳಗೆ ಕೋಟೆ ಕಟ್ಟಿದರು. ಗೆರೆಯಾಚೆ ದೂರದೃಷ್ಟಿ ಒಬ್ಬನೇ, ತವರಿಗೆ ಬಂದ ಮಗಳಷ್ಟು ನಿರಾಳ. ಎಸೆದ. ಬಿತ್ತು. ಒಂದಂಕದ ಗೆಲುವು!

ಡ್ರೆಸ್ಸಿಂಗ್ ರೂಮಿನಲ್ಲಿ ಕೋಚ್ ಅಪ್ಪಿಕೊಂಡರು. “ಮುಂದಿನ ಸೀಸನ್ ಪ್ರತಿ ಪಂದ್ಯಾನೂ ಮೊದಲ ನಿಮಿಷದಿಂದ ಕೊನೇ ನಿಮಿಷದವರೆಗೆ ನೀನೇ!”

ದೂರದೃಷ್ಟಿಯ ಕಣ್ಣು ತುಂಬಿತು.

“ದೂರ ಬಿಟ್ರೆ ಎಸೀತೀಯ, ಹತ್ರ ಬಂದ್ರೆ ನುಗ್ತೀಯ. ಇನ್ಮೇಲೆ ನಿನ್ನೊಬ್ಬನ್ನ ಕಾಯೋಕೆ ಅವರಿಗೆ ಇಬ್ಬರು ಬೇಕು. ಆಗ ನಮ್ಮವನೊಬ್ಬ ಖಾಲಿ ಸಿಗ್ತಾನೆ. ಅವನು ಹಾಕ್ತಾ ಹೋಗ್ತಾನೆ.”

“ಸರ್, ನಾನು?”

“ನೀನು ಮೂಲೇಲಿ ನಿಂತು ಹೆದರಿಸ್ತಾ ಇರು. ಚೆಂಡು ಮಾತ್ರ ಮುಟ್ಬೇಡ.”

ದೂರದೃಷ್ಟಿ ಊದಿದ ಮೊಣಕೈ ನೀವಿಕೊಂಡ.

“ಬೆಂಚಾಗಿದ್ರೆ ಕೂತಾದ್ರೂ ಇರಬಹುದಿತ್ತಲ್ಲ ಸರ್?”