ಹಾರ್ಡ್ ಡಿಸ್ಕೂ ಹೆಂಡತಿಯ ತಮ್ಮನೂ

ಅಂಗಡಿಯಲ್ಲಿ ಕಣ್ಣೆದುರಿಗೇ ತೂಗಿಸಿ ತಂದ ಈರುಳ್ಳಿಯನ್ನು ಮನೆಯಲ್ಲಿ ಇನ್ನೊಮ್ಮೆ ತೂಗಿ ನೋಡುವವನು ನಾನು. ಇದನ್ನು ನನ್ನ ಹೆಂಡತಿ ಸರೋಜ ರೋಗವೆನ್ನುತ್ತಾಳೆ, ನಾನು ಎಚ್ಚರವೆನ್ನುತ್ತೇನೆ. ದೊಡ್ಡಬಳ್ಳಾಪುರದಲ್ಲಿ ಮಗ್ಗ ಇಟ್ಟುಕೊಂಡು ಸೀರೆ ನೇಯಿಸುವವನು ಎಲ್ಲರನ್ನೂ ನಂಬಿದರೆ, ಅವನು ಇವತ್ತು ಹಾಕಿಸಿದ ಅಂಚು ನಾಳೆ ಪಕ್ಕದ ಬೀದಿಯ ಮಗ್ಗದಲ್ಲಿ ಏಳುತ್ತದೆ. ಹಾಗಾಗಿ ನನ್ನ ಡಿಸೈನುಗಳೆಲ್ಲ ಒಂದು ಹಳೆಯ ಹಾರ್ಡ್ ಡಿಸ್ಕಿನಲ್ಲಿ, ಆ ಡಿಸ್ಕು ಬೀರುವಿನಲ್ಲಿ, ಬೀರುವಿನ ಬೀಗದ ಕೈ ನನ್ನ ಉಡಿದಾರದಲ್ಲಿ.

ಮಗಳು ಸುಮಾಳ ಮದುವೆಯ ವೀಡಿಯೊವನ್ನು ಸ್ಟುಡಿಯೊದವರು ಒಂದೇ ದೊಡ್ಡ ಫೈಲು ಮಾಡಿ ಪೆನ್‌ಡ್ರೈವಿನಲ್ಲಿ ಕೊಟ್ಟರು. ಅವರ ಹತ್ತಿರ ಬೇರೆ ಪ್ರತಿ ಇಲ್ಲವಂತೆ. ಡಿಸ್ಕಿಗೆ ಹಾಕಲು ಹೋದರೆ, ಅರ್ಧಕ್ಕರ್ಧ ಜಾಗ ಖಾಲಿ ಇದ್ದರೂ, ಫೈಲು ತುಂಬಾ ದೊಡ್ಡದೆಂದು ಕಂಪ್ಯೂಟರು ಹಟ ಹಿಡಿಯಿತು. ಡಿಸ್ಕು ಮಾರಿದವನನ್ನು ಒಂದು ದಿನ ಅನುಮಾನಿಸಿದೆ, ಸ್ಟುಡಿಯೊದವನನ್ನು ಇನ್ನೊಂದು ದಿನ. ಸರೋಜ ಬೇಸತ್ತು ತನ್ನ ತಮ್ಮ ನಾಗರಾಜನನ್ನು ಕರೆಸಿದಳು. ಅವನಿಗೆ ದೇವನಹಳ್ಳಿಯ ಕಚೇರಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಆದರೆ ಅವನ ಮಾವನ ಮನೆಯಲ್ಲೂ ಸೀರೆ ನೇಯುತ್ತಾರೆಂಬುದನ್ನು ನಾನು ಮರೆತಿರಲಿಲ್ಲ.

"ಭಾವ, ನಿಮ್ಮ ಡಿಸ್ಕು ಹಳೇ ಫ್ಯಾಟ್ ಥರ್ಟಿಟು ಫಾರ್ಮ್ಯಾಟು. ನಾಲ್ಕು ಜಿಬಿಗಿಂತ ದೊಡ್ಡ ಫೈಲ್ ಹಿಡಿಯಲ್ಲ. ಎನ್‌ಟಿಎಫ್‌ಎಸ್‌ ಅನ್ನೋ ಹೊಸ ಫಾರ್ಮ್ಯಾಟಿಗೆ ಬದಲಾಯಿಸ್ಬಿಡ್ತೀನಿ, ಒಳಗಿರೋದೇನೂ ಅಳಿಸಿಹೋಗಲ್ಲ. ಆದ್ರೂ ಮೊದ್ಲು ಎಲ್ಲಾನೂ ನನ್ನ ಲ್ಯಾಪ್‌ಟಾಪಿಗೆ ಕಾಪಿ ಮಾಡ್ಕೊಳ್ತೀನಿ."

"ಏನೂ ಅಳಿಸಲ್ಲ ಅಂದ್ಮೇಲೆ ಕಾಪಿ ಯಾಕಪ್ಪಾ?"

"ಮಧ್ಯದಲ್ಲೇನಾದ್ರೂ ಕೆಟ್ರೆ..."

"ಹಾಗಾದ್ರೆ ಕೆಡುತ್ತೆ!"

"ಕೆಡಲ್ಲ ಭಾವ. ಕೆಟ್ರೆ ಅಂದೆ."

ಕೆಲಸ ಮುಗಿದ ತಕ್ಷಣ ಆ ಕಾಪಿಯನ್ನು ನನ್ನೆದುರಿಗೇ ಅಳಿಸಬೇಕೆಂಬ ಷರತ್ತಿನ ಮೇಲೆ ಒಪ್ಪಿಕೊಂಡೆ. ಅವನು ಕಾಪಿ ಮಾಡಿ, ಡಿಸ್ಕಿನಲ್ಲಿ ದೋಷವಿದೆಯೇ ಎಂದು ಪರೀಕ್ಷಿಸಿ, ತನ್ನ ಲ್ಯಾಪ್‌ಟಾಪಿನ ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿದ. ನಾನು ಅವನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆ. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಬೀದಿಯ ಮಗ್ಗಗಳ ಸದ್ದೆಲ್ಲ ಒಮ್ಮೆಗೇ ನಿಂತಿತು. ನಾನು ಗಾಬರಿಯಿಂದ ಡಿಸ್ಕಿನ ವೈರು ಕೀಳಲು ಕೈ ಹಾಕಿದೆ.

"ಮುಟ್ಬೇಡಿ ಭಾವ! ಲ್ಯಾಪ್‌ಟಾಪಲ್ಲಿ ಬ್ಯಾಟರಿ ಇದೆ. ಈಗ ಕಿತ್ರೇನೇ ಹಾಳಾಗೋದು!"

ಸರೋಜ ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡು, ಕೆಲಸ ಮುಗಿಯುವವರೆಗೂ ಬಿಡಲಿಲ್ಲ. ಮದುವೆಯಾದಾಗಿನಿಂದ ಅವಳು ಅಷ್ಟು ಹೊತ್ತು ನನ್ನ ಕೈ ಹಿಡಿದದ್ದು ಅದೇ ಮೊದಲು.

ಡಿಸ್ಕು ಬದಲಾಯಿತು. ಒಂದೊಂದೇ ಅಂಚು, ಒಂದೊಂದೇ ಸೆರಗು ತೆರೆಸಿ ನೋಡಿದೆ, ಎಲ್ಲವೂ ಇದ್ದವು. ನಾಗರಾಜ ತನ್ನ ಕಾಪಿ ಅಳಿಸಿ, ಕೇಳದಿದ್ದರೂ ಲ್ಯಾಪ್‌ಟಾಪಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿ ತೋರಿಸಿದ. ಮದುವೆಯ ವೀಡಿಯೊ ಸಲೀಸಾಗಿ ಒಳಗೆ ಹೋಯಿತು. ಪೂರ್ತಿ ಬಂದಿದೆಯೆಂದು ನೋಡದೆ ನಂಬುವುದು ಹೇಗೆ? ಎಲ್ಲರನ್ನೂ ಕೂರಿಸಿಕೊಂಡು ಹಾಕಿಸಿದೆ.

ಪರದೆಯ ಮೇಲೆ ಧಾರೆಯ ಹೊತ್ತು ಬಂತು. ಸರೋಜ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಸುಮಾ ತಲೆಯೆತ್ತಿ ನನ್ನ ಮುಖವನ್ನೇ ನೋಡುತ್ತಿದ್ದಾಳೆ. ನಾನು ಧಾರೆ ಎರೆಯುತ್ತ, ಕತ್ತನ್ನು ಪೂರ್ತಿ ತಿರುಗಿಸಿ ಉಗ್ರಾಣದ ಬಾಗಿಲ ಕಡೆ ನೋಡುತ್ತಿದ್ದೇನೆ.

"ರೀ, ಅಲ್ಲೇನ್ ನೋಡ್ತಿದ್ರಿ?" ಎಂದಳು ಸರೋಜ.

ಆ ಬಾಗಿಲಿನಿಂದ ಅಡುಗೆಯವನೊಬ್ಬ ತುಪ್ಪದ ಡಬ್ಬ ಎತ್ತಿಕೊಂಡು ಹೋಗುತ್ತಿದ್ದ. ಬಡಿಸಲಿಕ್ಕೇ ಇರಬೇಕು. ನಾಗರಾಜನಿಗೆ ಹೇಳಿ ಆ ಭಾಗವನ್ನು ಮತ್ತೆ ಹಾಕಿಸಿದೆ, ಇನ್ನೊಮ್ಮೆ ಹಾಕಿಸಿದೆ. ಪ್ರತಿ ಸಲವೂ ಮಗಳು ನನ್ನನ್ನು ನೋಡುತ್ತಿದ್ದಳು, ನಾನು ತುಪ್ಪದ ಡಬ್ಬವನ್ನು ನೋಡುತ್ತಿದ್ದೆ.